ಬೆಟ್ಟದ ಮಗುವಿನ ಅಂಗಿ

ಮೈಸೂರಿನ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಬಟ್ಟೆ ಒಣಗಿಸುವ ತಂತಿಯೊಂದಿದೆ. ಹೋದ ಆಷಾಢದಲ್ಲಿ ಪಕ್ಕದ ಮನೆಯ ಸೊಸೆ ಪೆಟ್ಟಿಗೆಯಲ್ಲಿದ್ದ ಉಣ್ಣೆಯ ಶಾಲುಗಳನ್ನೆಲ್ಲ ತೊಳೆದು ಅದರ ಮೇಲೆ ಹರವಿದ್ದಳು. ಬಿಸಿಲಿರಲಿಲ್ಲ. ನಾನು ಹಿತ್ತಲ ಬಾಗಿಲು ತೆರೆದದ್ದೇ ಒದ್ದೆ ಉಣ್ಣೆಯ ವಾಸನೆ ಮುಖಕ್ಕೆ ಬಡಿಯಿತು. ಕೈಯಲ್ಲಿದ್ದ ಬಕೆಟ್ಟು ಕೆಳಗಿಟ್ಟು ಹೊಸ್ತಿಲ ಮೇಲೆ ಕೂತುಬಿಟ್ಟೆ.

"ಏನಾಯ್ತು ಆಂಟಿ, ತಲೆ ಸುತ್ತು ಬಂತಾ?" ಎಂದು ಅವಳು ಓಡಿ ಬಂದಳು.

ಇಲ್ಲ ಎಂದೆ. ತಲೆ ಸುತ್ತಿರಲಿಲ್ಲ. ನೈರೋಬಿಯ ತೊಂಬತ್ತಾರನೇ ಇಸವಿಯ ಜುಲೈ ಬಂದು ಎದುರಿಗೆ ನಿಂತಿತ್ತು.

ಆಫ್ರಿಕಾ ಎಂದರೆ ಸೆಖೆ ಎಂದೇ ನಮ್ಮವರ ಲೆಕ್ಕ. ನೈರೋಬಿಯಲ್ಲಿ ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಸೂರ್ಯನೇ ಇರುವುದಿಲ್ಲ. ಸರಿಯಾದ ಮಳೆಯೂ ಬರುವುದಿಲ್ಲ. ಬೂದಿ ಬಣ್ಣದ ಮೋಡ ಊರಿನ ಮೇಲೆ ಮುಚ್ಚಳ ಹಾಕಿದ ಹಾಗೆ ಬಿದ್ದಿರುತ್ತದೆ. ನಾವಿದ್ದದ್ದು ಸೌತ್ ಬಿ ಎಂಬ ಬಡಾವಣೆಯ ಒಂದು ಫ್ಲ್ಯಾಟಿನಲ್ಲಿ. ಕಾರ್ಖಾನೆಗಳ ಹೊಗೆ ಆ ಮೋಡಕ್ಕೆ ತಗುಲಿ ತಿರುಗಿ ನಮ್ಮ ಕಿಟಕಿಗೇ ಬರುತ್ತಿತ್ತು. ಬೆಳಿಗ್ಗೆ ನೆಲದ ಮೇಲೆ ಕಾಲಿಟ್ಟರೆ ಮೂಳೆಯವರೆಗೆ ತಣ್ಣಗಾಗುತ್ತಿತ್ತು. ನಮ್ಮ ಯಜಮಾನರು ಷಡಕ್ಷರಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಿವಿಲ್ ಎಂಜಿನಿಯರಿಂಗ್ ಪಾಠ ಮಾಡುತ್ತಿದ್ದರು. ಎರಡು ಸ್ವೆಟರ್ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಆಮೇಲೆ ಮನೆಯಲ್ಲಿ ನಾನೊಬ್ಬಳೇ.

ನಮ್ಮ ಮಗಳು ನೀಲು ತೀರಿಕೊಂಡು ಆಗ ಮೂರು ವರ್ಷವಾಗಿತ್ತು. ನೀಲಾಂಬಿಕೆ ಎಂದು ಅತ್ತೆ ಇಟ್ಟ ಹೆಸರು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಕೆಲಸದಾಕೆಯ ಜೊತೆ ಸ್ವಾಹಿಲಿಯಲ್ಲಿ ಜಗಳವಾಡುತ್ತಿದ್ದಳು. ಆರು ವರ್ಷ. ರಜೆಯಲ್ಲಿ ಮೊಂಬಾಸಾಕ್ಕೆ ಹೋಗಿ ಬಂದ ಮೇಲೆ ಜ್ವರ ಬಂತು. ಮಲೇರಿಯಾ, ಮಿದುಳಿಗೆ ಏರಿತು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ.

ನಾವು ಲಿಂಗಾಯತರು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸಿಯೂ ಹೂಳುವುದಿಲ್ಲ. ಕೂರಿಸುತ್ತೇವೆ. ಮಣ್ಣಿನಲ್ಲಿ ಗೂಡು ಮಾಡಿ, ವಿಭೂತಿ ಹಚ್ಚಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟು ಕೂರಿಸುತ್ತೇವೆ. ನೈರೋಬಿಯ ಹಿಂದೂಗಳಿಗೆ ಚಿತಾಗಾರವಿತ್ತು, ನಮ್ಮಂಥವರಿಗೆ ಏನೂ ಇರಲಿಲ್ಲ. ಸ್ನೇಹಿತರು ಓಡಾಡಿ ಊರಾಚೆಯ ಸ್ಮಶಾನದ ಒಂದು ಮೂಲೆ ಕೊಡಿಸಿದರು. ಗುಂಡಿ ತೋಡುವವರು ಉದ್ದಕ್ಕೆ ಗುರುತು ಹಾಕಿಕೊಂಡಿದ್ದರಂತೆ; ಷಡಕ್ಷರಿ ಅದನ್ನು ಕಾಲಿನಿಂದ ಅಳಿಸಿ ಚೌಕ ಎಳೆದರಂತೆ. 'ಅಂತೆ' ಎನ್ನುತ್ತೇನೆ, ಏಕೆಂದರೆ ನನ್ನನ್ನು ಕರೆದುಕೊಂಡು ಹೋಗಲಿಲ್ಲ. ನನಗೆ ಇಂಜೆಕ್ಷನ್ ಕೊಟ್ಟು ಮಲಗಿಸಿದ್ದರು. ಮಗುವಿಗೆ ಸ್ನಾನ ಮಾಡಿಸಿ ಬಟ್ಟೆ ತೊಡಿಸಿದವರು ಪಕ್ಕದ ಫ್ಲ್ಯಾಟಿನ ಐರಿನ್ ಬಾಯಿ, ಮಂಗಳೂರಿನ ಕ್ರಿಶ್ಚಿಯನ್ ನರ್ಸ್. ಊರಿನಿಂದ ಅತ್ತೆ ಫೋನ್ ಮಾಡಿದರು.

"ಅಳಬೇಡ ಕಣಮ್ಮಾ ಗಿರಿಜಾ. ಮಗು ಶಿವನ ಹತ್ರ ಹೋಗಿದೆ. ನಮ್ಮಲ್ಲಿ ಅಳಬಾರದು. ನೀನು ಅತ್ತರೆ ಅದಕ್ಕೆ ದಾರಿ ಸಾಗಲ್ಲ."

ನಾನು ಅಳಲಿಲ್ಲ. ಮೂರು ವರ್ಷ ಅಳಲಿಲ್ಲ. ಎಲ್ಲರೂ ನನ್ನನ್ನು ಗಟ್ಟಿ ಹೆಂಗಸು ಎಂದರು.

ಆ ವರ್ಷ ಸೆಪ್ಟೆಂಬರಿಗೆ ಷಡಕ್ಷರಿಯ ಕರಾರು ಮುಗಿಯುತ್ತಿತ್ತು. ಮುಂದುವರಿಸಬಹುದಿತ್ತು. ಅವರು ನನ್ನನ್ನು ಒಂದು ಮಾತೂ ಕೇಳದೆ ಮೈಸೂರಿನ ಕಾಲೇಜೊಂದರ ಕೆಲಸ ಒಪ್ಪಿಕೊಂಡು ಬಂದರು. ತಟ್ಟೆಯ ಮುಂದೆ ಕೂತು, ನನ್ನ ಮುಖ ನೋಡದೆ, "ಟಿಕೆಟ್ ಮಾಡಿಸ್ಬೇಕು" ಎಂದರು. ಇವರಿಗೆ ಎಷ್ಟು ಸುಲಭ ಎಂದುಕೊಂಡೆ. ಅಂದಿನಿಂದ ನಮ್ಮಿಬ್ಬರ ನಡುವೆ ಅಡುಗೆ ಸಾಮಾನಿನ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ.

ನನ್ನನ್ನು ಮನೆಯಿಂದ ಹೊರಗೆ ಎಳೆದದ್ದು ಐರಿನ್ ಬಾಯಿ. "ಒಳಗೆ ಕೂತು ಕೂತು ನೀನು ಹುಚ್ಚಾಗ್ತಿ ಮಾರಾಯ್ತಿ. ನಮ್ಮ ಕ್ಲಿನಿಕ್ಕಿಗೆ ಗಿಗಿರಿಯಿಂದ ಒಬ್ರು ಬರ್ತಾರೆ, ಪೆರು ದೇಶದವ್ರು. ಅವರಿಗೆ ಕೈಹೊಲಿಗೆ ಬರುವವರು ಬೇಕಂತೆ, ಮೆಷಿನ್ ಆಗ್ಲಿಕ್ಕಿಲ್ಲ ಅಂತೆ. ನೀನು ಹೋಗು," ಎಂದರು. ನನಗೆ ಸಣ್ಣ ಹೊಲಿಗೆ ಕೈಗೆ ಹತ್ತಿದ್ದ ವಿದ್ಯೆ. ಹೋದೆ.

ಸೌತ್ ಬಿಯಿಂದ ಪೇಟೆಗೆ ಒಂದು ಮಟಾಟು, ಅಂದರೆ ಅಲ್ಲಿನ ಬಾಡಿಗೆ ವ್ಯಾನು, ಪೇಟೆಯಿಂದ ಊರಿನ ಆ ತುದಿಯ ಗಿಗಿರಿಗೆ ಇನ್ನೊಂದು. ದೂತಾವಾಸಗಳ ಬೇಲಿಗಳನ್ನು ದಾಟಿ ಗೇಟಿನ ಕಾವಲುಗಾರನಿಗೆ ಹೆಸರು ಹೇಳಿ ಒಳಗೆ ಹೋದರೆ, ವರಾಂಡದಲ್ಲಿ ದೊಡ್ಡ ಅಲ್ಯೂಮಿನಿಯಂ ಪಾತ್ರೆಯಲ್ಲಿ ಉಣ್ಣೆಯ ನೂಲು ಬಣ್ಣದ ನೀರಿನಲ್ಲಿ ಕುದಿಯುತ್ತಿತ್ತು. ಒದ್ದೆ ಉಣ್ಣೆ, ಹುಳಿ, ಸೌದೆಯ ಹೊಗೆ. ಕೋಲಿನಿಂದ ಅದನ್ನು ತಿರುವುತ್ತಿದ್ದ ಹೆಂಗಸು ಮೊದಲ ನೋಟಕ್ಕೆ ನಮ್ಮ ಕಡೆಯವಳೇ ಅನ್ನಿಸಿತು: ಕುಳ್ಳಗೆ, ಗೋಧಿ ಬಣ್ಣ, ಬಿಗಿಯಾಗಿ ಹೆಣೆದ ನರೆತ ಜಡೆ. ಎಲೆನಾ ಎಂದು ಹೆಸರು ಹೇಳಿದಳು. ಗಂಡ ಅಂತರರಾಷ್ಟ್ರೀಯ ಕಚೇರಿಯಲ್ಲಿ ದೊಡ್ಡ ಹುದ್ದೆಯವನು. ಇವಳು ಊರಿನಲ್ಲಿದ್ದಾಗ ವಸ್ತುಸಂಗ್ರಹಾಲಯದಲ್ಲಿ ಹಳೆಯ ಬಟ್ಟೆಗಳನ್ನು ಕಾಪಾಡುವ ಕೆಲಸದಲ್ಲಿದ್ದಳು. ನಾವಿಬ್ಬರೂ ಮಾತಾಡಿದ್ದು ಇಂಗ್ಲಿಷಿನಲ್ಲಿ, ಇಬ್ಬರಿಗೂ ಎರವಲು ಭಾಷೆ. ಅದಕ್ಕೇ ಏನೋ ಒಬ್ಬರ ಮಾತು ಒಬ್ಬರಿಗೆ ಸಲೀಸಾಗಿ ಅರ್ಥವಾಗುತ್ತಿತ್ತು.

ಅವಳು ಮಾಡುತ್ತಿದ್ದುದು ಒಂದು ಹಳೆಯ ಉಡುಪಿನ ನಕಲು. ಅದೇ ಬಣ್ಣ, ಅದೇ ನೂಲು, ಅದೇ ನೇಯ್ಗೆ. ಎರಡು ಪಟ್ಟಿಗಳನ್ನು ಮಗ್ಗದಲ್ಲಿ ತಾನೇ ನೇಯ್ದಿದ್ದಳು. ಅವನ್ನು ಕೂಡಿಸುವುದು, ಅಂಚಿನ ಸುತ್ತ ಸಣ್ಣ ಹೊಲಿಗೆ ಹಾಕುವುದು ನನ್ನ ಕೆಲಸ. ನಮ್ಮ ಸೀರೆಯ ಹಾಗೆ ಕತ್ತರಿ ಕಾಣದ ಬಟ್ಟೆ. ಮೈಗೆ ಸುತ್ತಿ ಹೆಗಲ ಮೇಲೆ ಪಿನ್ನು ಚುಚ್ಚಿದರೆ ಅದೇ ಅಂಗಿ. ಮೊದಲ ದಿನ ಅವಳು ಅದನ್ನು ಮೇಜಿನ ಮೇಲೆ ಹರಡಿದಳು. ನಾನು ಅಂಚಿನ ಮೇಲೆ ಕೈಯಾಡಿಸುತ್ತ ಹೋದೆ, ಗೇಣಿನ ಮೇಲೆ ಗೇಣು. ಕೈ ನಿಂತಿತು.

"ಇದು ಮಗುವಿನ ಬಟ್ಟೆ," ಎಂದೆ.

"ಹೌದು. ಆರೋ ಏಳೋ ವರ್ಷದ ಹುಡುಗಿ."

ಎಲೆನಾ ಕಥೆಯನ್ನು ಒಂದೇ ಸಲ ಹೇಳಲಿಲ್ಲ. ಹೊಲಿಗೆ ಮುಂದುವರಿದ ಹಾಗೆ ತುಂಡುತುಂಡಾಗಿ ಬಂತು. ಐನೂರು ವರ್ಷದ ಹಿಂದೆ ಅವಳ ದೇಶವನ್ನು ಇಂಕಾ ಅರಸರು ಆಳುತ್ತಿದ್ದರು. ಅರಸನಿಗೆ ಕಾಯಿಲೆಯಾದರೆ, ಬೆಟ್ಟ ಬೆಂಕಿ ಕಾರಿದರೆ, ಮಳೆ ತಪ್ಪಿದರೆ, ಊರೂರಿನಿಂದ ಮಕ್ಕಳನ್ನು ಆರಿಸುತ್ತಿದ್ದರಂತೆ. ಮೈಮೇಲೆ ಒಂದು ಮಚ್ಚೆಯೂ ಇರಬಾರದು. ರಾಜಧಾನಿಗೆ ಕರೆದೊಯ್ದು, ಹಬ್ಬ ಮಾಡಿ, ಹೊಸ ಬಟ್ಟೆ ತೊಡಿಸಿ, ಅಲ್ಲಿಂದ ಹಿಮದ ಬೆಟ್ಟಗಳ ಕಡೆ ನಡೆಸಿಕೊಂಡು ಹೋಗುತ್ತಿದ್ದರು. ತುದಿ ತಲುಪಿದ ಮೇಲೆ ಮೆಕ್ಕೆಜೋಳದ ಮದ್ಯ ಕುಡಿಸುತ್ತಿದ್ದರು. ಕೆಲವರ ತಲೆಗೆ ಹೊಡೆಯುತ್ತಿದ್ದರು. ಕೆಲವರನ್ನು ಹಾಗೇ ಬಿಟ್ಟು ಬರುತ್ತಿದ್ದರು. ಉಳಿದದ್ದನ್ನು ಚಳಿ ನೋಡಿಕೊಳ್ಳುತ್ತಿತ್ತು. ಹಿಂದಿನ ವರ್ಷವಷ್ಟೇ ಒಂದು ಬೆಟ್ಟದಲ್ಲಿ ಅಂಥ ಹಿಮದ ಹುಡುಗಿ ಸಿಕ್ಕಿ ಎಲ್ಲ ಪತ್ರಿಕೆಗಳಲ್ಲೂ ಚಿತ್ರ ಬಂದಿತ್ತು. ಎಲೆನಾಳ ಹುಡುಗಿ ಅವಳಲ್ಲ. ಇವಳು ಇನ್ನೂ ಮೊದಲೇ ಸಿಕ್ಕವಳು, ಯಾವ ಪತ್ರಿಕೆಯೂ ಇವಳನ್ನು ಕೇಳಿರಲಿಲ್ಲ.

"ಅದು ದೊಡ್ಡ ಗೌರವ ಆಗಿತ್ತು," ಎಂದು ಎಲೆನಾ ಒಂದು ದಿನ ಹೇಳಿದಳು.

ನನಗೆ ತಡೆಯಲಾಗಲಿಲ್ಲ. "ಆರು ವರ್ಷದ ಮಗುವಿಗೆ ಎಂಥ ಗೌರವ? ಹೆತ್ತವರು ಕೊಟ್ಟುಬಿಟ್ಟರಲ್ಲ!"

"ಕೇಳಿದ್ದು ಅರಸ. ಇಲ್ಲ ಅನ್ನೋಕ್ಕಾಗ್ತಿತ್ತಾ?"

"ತಾಯಂದಿರು ಅಳಲಿಲ್ವಾ?"

ಎಲೆನಾ ನೂಲು ಸುತ್ತುವುದನ್ನು ನಿಲ್ಲಿಸಿದಳು. "ಅಳಬಾರದು ಅಂತ ಕಟ್ಟಪ್ಪಣೆ ಇತ್ತಂತೆ. ಅತ್ತರೆ ಅಪರಾಧ. ಇದನ್ನ ಬರೆದಿಟ್ಟವರು ಆಮೇಲೆ ದೇಶ ಗೆದ್ದ ಸ್ಪೇನಿನವರ ಪಾದ್ರಿಗಳು, ಎಷ್ಟು ನಿಜವೋ ಗೊತ್ತಿಲ್ಲ. ಆದರೆ ಇದು ನಿಜ ಅಂತ ನನಗೆ ಅನ್ನಿಸುತ್ತೆ."

ನಾನು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ತೋಟಕ್ಕೆ ಹೋಗಿ ನಿಂತೆ. ನೀಲುವನ್ನು ಯಾರೂ ಯಾರಿಗೂ ಕೊಟ್ಟಿರಲಿಲ್ಲ. ಆದರೂ ಆ ಮಾತು ಕೇಳಿದ ಮೇಲೆ ಅಂದು ಮತ್ತೆ ಸೂಜಿ ಹಿಡಿಯಲಿಲ್ಲ.

ಆಮೇಲೆ ನಾನೇ ಚಿತ್ರ ತೋರಿಸು ಎಂದೆ. ಬೇಡ ಎಂದಳು. ಮತ್ತೆ ಕೇಳಿದೆ. ಒಂದು ಲಕೋಟೆಯಿಂದ ತೆಗೆದು ಕೊಟ್ಟಳು.

ಹುಡುಗಿ ಕೂತಿದ್ದಳು. ಮೊಣಕಾಲು ಎದೆಗೆ ಎಳೆದುಕೊಂಡು, ಶಾಲು ಹೊದ್ದು, ತಲೆಯನ್ನು ಒಂದು ಹೆಗಲಿಗೆ ವಾಲಿಸಿ ಕೂತಿದ್ದಳು. ಸಣ್ಣ ಸಣ್ಣ ಜಡೆಗಳು. ರೆಪ್ಪೆಗೂದಲು ಹಾಗೇ ಇತ್ತು. ಬಸ್ಸಿನಲ್ಲಿ ನಿದ್ದೆ ಹೋದ ಮಗುವಿನ ಹಾಗೆ.

"ನಾವೂ ಕೂರಿಸ್ತೀವಿ," ಎಂದೆ. ಎಲೆನಾಳಿಗೆ ಅರ್ಥವಾಗಲಿಲ್ಲ. ಅಂದು ಅವಳಿಗೆ ನೀಲುವಿನ ವಿಷಯ ಹೇಳಿದೆ. ಅವಳು ನನ್ನ ಮುಂಗೈ ಹಿಡಿದುಕೊಂಡು ಕೂತಳು.

ಅಂದಿನಿಂದ ಆ ಚಿತ್ರ ನನ್ನನ್ನು ಹಿಡಿಯಿತು. ಮಟಾಟುವಿನಲ್ಲಿ ಕೂತರೆ ಪಕ್ಕದ ಜಾಗದಲ್ಲಿ ತಲೆ ವಾಲಿಸಿದ ಮಗು. ಅನ್ನ ಬಸಿಯುವಾಗ ಆವಿಯ ಆಚೆ ಕೂತ ಮಗು. ಅದರ ಮುಖ ಬೆಟ್ಟದ ಹುಡುಗಿಯದೋ ನೀಲುವಿನದೋ ಹೇಳಲು ಬರುತ್ತಿರಲಿಲ್ಲ. ನೆಲದ ಮೇಲೆ ಬರಿಗಾಲಿಟ್ಟಾಗಲೆಲ್ಲ ಅವಳಿಗೆ ಎಷ್ಟು ಚಳಿಯಾಗುತ್ತಿರಬೇಕು ಎನ್ನಿಸುತ್ತಿತ್ತು. ಸ್ಮಶಾನಕ್ಕೆ ಪದೇ ಪದೇ ಹೋಗತೊಡಗಿದೆ. ಹುಲ್ಲಿನ ಮೇಲೆ ಅಂಗೈ ಒತ್ತಿ ಬಿಸಿ ಇದೆಯೇ ಎಂದು ನೋಡುತ್ತಿದ್ದೆ. ನನಗೆ ಓದು ಬರಹ ಗೊತ್ತು, ಮೂರು ವರ್ಷದಲ್ಲಿ ಮಣ್ಣು ಏನು ಮಾಡುತ್ತದೆಂದೂ ಗೊತ್ತು. ಆದರೂ ಆ ಬೂದಿ ಬಣ್ಣದ ಚಳಿಯಲ್ಲಿ, ನೀಲು ಕೆಳಗೆ ಹಾಗೇ, ರೆಪ್ಪೆಗೂದಲೂ ಉದುರದೆ ಕೂತಿದ್ದಾಳೆ ಎಂಬುದು ನನಗೆ ಖಾತ್ರಿಯಾಗಿಬಿಟ್ಟಿತು. ಇಂಥವಳನ್ನು ಬಿಟ್ಟು ಯಾರಾದರೂ ವಿಮಾನ ಹತ್ತುತ್ತಾರೆಯೇ?

ಒಂದು ಸಂಜೆ ಷಡಕ್ಷರಿ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದರು.

"ನಾನು ಬರಲ್ಲ," ಎಂದೆ. "ನೀವು ಹೋಗಿ."

"ಇಲ್ಲಿ ಯಾರ ಜೊತೆ ಇರ್ತೀಯಾ?"

"ನೀಲು ಜೊತೆ. ಇಲ್ಲಾಂದ್ರೆ ಅವಳನ್ನೂ ಕರ್ಕೊಂಡು ಹೋಗೋಣ. ತೆಗೆಸಿ. ಊರಲ್ಲಿ ನಮ್ಮ ತೋಟದಲ್ಲಿ ಕೂರಿಸೋಣ."

ಅವರು ಕೈಯಲ್ಲಿದ್ದ ಪುಸ್ತಕ ಹಿಡಿದುಕೊಂಡೇ ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. "ಆಯ್ತು ಕಣೆ, ವಿಚಾರಿಸ್ತೀನಿ," ಎಂದರು. ಮಾರನೆಯ ದಿನದಿಂದಲೇ ಕಚೇರಿಯಿಂದ ಕಚೇರಿಗೆ ಅಲೆದರು. ಯಾವ ಯಾವ ಸಾಹೇಬರ ಮುಂದೆ ನಿಂತರೋ, ಹೇಗೆ ವಿವರಿಸಿದರೋ ನನಗೆ ಹೇಳಲಿಲ್ಲ. ಆಗಸ್ಟ್ ಮಧ್ಯದ ಹೊತ್ತಿಗೆ ಅನುಮತಿ ಸಿಕ್ಕಿತು. ಮುಂದಿನ ಸೋಮವಾರ ಬೆಳಿಗ್ಗೆ ತೋಡಬಹುದು ಎಂದರು.

ಅಂಗಿಯ ಕೊನೆಯ ಅಂಚು ಮುಗಿದದ್ದೂ ಅದೇ ವಾರ. ದಾರ ಹಲ್ಲಿನಿಂದ ಕಡಿದು ನಾನು ಎಲೆನಾಳಿಗೆ ಸೋಮವಾರದ ಸಂಗತಿ ಹೇಳಿದೆ. ಖುಷಿಯಾಗಿಯೇ ಹೇಳಿದೆ. ಅವಳ ಮುಖ ಕಪ್ಪಿಟ್ಟಿತು.

"ತೆಗೀಬೇಡ," ಎಂದಳು.

"ಯಾಕೆ?"

"ನಾನು ತೆಗೆದವಳು. ಅದಕ್ಕೇ ಹೇಳ್ತಿದೀನಿ."

ಬೆಟ್ಟದಿಂದ ಹುಡುಗಿಯನ್ನು ತಂದಾಗ ಬಟ್ಟೆಯೆಲ್ಲ ಹಿಮಗಟ್ಟಿ ಮೈಗೆ ಅಂಟಿಕೊಂಡಿತ್ತಂತೆ. ಬಿಡಿಸುವ ಕೆಲಸ ಎಲೆನಾಳ ಪಾಲಿಗೆ ಬಂತು. ಸ್ವಲ್ಪ ಸ್ವಲ್ಪವೇ ಕರಗಿಸಿದರು. "ಐನೂರು ವರ್ಷದ ಉಣ್ಣೆ, ಗಿರಿಜಾ. ಒದ್ದೆಯಾದಾಗ ಇವತ್ತು ಒಗೆದ ಉಣ್ಣೆಯ ಹಾಗೇ ವಾಸನೆ ಬಂತು. ಆಗ ನನಗೆ ಹೆದರಿಕೆಯಾಯ್ತು. ಎದೆಯ ಹತ್ರ ಶಾಲಿಗೆ ಬೆಳ್ಳಿಯ ದೊಡ್ಡ ಪಿನ್ನು ಇತ್ತು, ಚೂಪಾದದ್ದು. ತೆಗೆದೆ. ಅದರ ಕೆಳಗೆ ಒಂದು ಚಿಂದಿ ಬಟ್ಟೆ, ನಾಲ್ಕು ಮಡಿಕೆ ಮಾಡಿ ಇಟ್ಟಿದ್ರು."

"ಯಾಕೆ?"

"ಚುಚ್ಚದೇ ಇರಲಿ ಅಂತ."

ವರಾಂಡದಲ್ಲಿ ಪಾತ್ರೆಯ ಕೆಳಗಿನ ಕೆಂಡ ಚಟಪಟ ಎಂದಿತು.

"ಸಾಯೋಕೆ ಬಿಟ್ಟು ಬರೋ ಮಗು," ಎಂದಳು ಎಲೆನಾ, "ಅದಕ್ಕೆ ಪಿನ್ನು ಚುಚ್ಚಬಾರದು ಅಂತ ಯಾರೋ ಯೋಚನೆ ಮಾಡಿದ್ರು. ತಾಯಿಯಾ? ಜೊತೆಗೆ ಹತ್ತಿದ ಯಾವುದೋ ಹೆಂಗಸಾ? ಪೂಜಾರಿನೇನಾ? ನಾನು ಆ ಚಿಂದೀನ ತೆಗೆದು ಡಬ್ಬಿಗೆ ಹಾಕಿ ನಂಬರ್ ಬರೆದೆ. ಈಗ ಹುಡುಗಿ ತಣ್ಣನೆ ಪೆಟ್ಟಿಗೆಯಲ್ಲಿ ಬಿಳಿ ಬಟ್ಟೆ ಸುತ್ತಿಕೊಂಡು ಇದ್ದಾಳೆ. ಅವಳ ಅಂಗಿ ಒಂದು ಕಡೆ, ಚಪ್ಪಲಿ ಒಂದು ಕಡೆ."

"ಈ ಅಂಗಿ ಅವಳಿಗೆ ತೊಡಿಸಲ್ವಾ?"

"ಇಲ್ಲ. ಇದು ಗೊಂಬೆಗೆ, ಜನ ನೋಡೋಕೆ." ಅಂಗಿಯನ್ನು ಮಡಿಸತೊಡಗಿದಳು. "ಬಿಟ್ಟು ಬಂದವರದು ಕ್ರೌರ್ಯ ಅಂತೀನಿ, ಈಗಲೂ ಅಂತೀನಿ. ಆದರೆ ಅವಳನ್ನ ಅವಳ ಜಾಗದಿಂದ ಎಬ್ಬಿಸಿದ್ದು ನಾವು. ಎಬ್ಬಿಸಿದ ಮೇಲೆ ಮತ್ತೆ ಹಾಗೇ ಕೂರಿಸೋಕೆ ನಮಗೆ ಬರಲಿಲ್ಲ. ನಿನ್ನ ಮಗೂನ ಕೂರಿಸಿದವರು ಯಾರೋ ಇದ್ದಾರಲ್ಲ, ಮೊದಲು ಅವರನ್ನ ಕೇಳು."

ವಾಪಸು ಬರುವಾಗ ಮಟಾಟುವಿನಲ್ಲಿ ಹಾಡು ಕಿವಿ ಹರಿಯುವಂತೆ ಬಡಿದುಕೊಳ್ಳುತ್ತಿತ್ತು. ನಾನು ಮೂರು ವರ್ಷ ಒಮ್ಮೆಯೂ ಷಡಕ್ಷರಿಯನ್ನು ಆ ದಿನದ ಬಗ್ಗೆ ಕೇಳಿರಲಿಲ್ಲ ಎಂಬುದು ಆಗ ಹೊಳೆಯಿತು.

ಭಾನುವಾರ ಬೆಳಿಗ್ಗೆ ಷಡಕ್ಷರಿ ಪೂಜೆ ಮುಗಿಸಿ ಅಡುಗೆಮನೆಗೆ ಕಾಫಿಗೆ ಬಂದರು. ಲೋಟ ಕೈಗೆ ಕೊಟ್ಟು ಕೇಳಿದೆ.

"ರೀ, ಗುಂಡಿಗೆ ಇಳಿದದ್ದು ಯಾರು?"

ಅವರು ಲೋಟವನ್ನು ಕಟ್ಟೆಯ ಮೇಲಿಟ್ಟರು. "ನಾನೇ. ಇನ್ಯಾರಿದ್ರು?"

"ಹೇಗೆ ಕೂರಿಸಿದ್ರಿ?"

"ಬೇಡ ಗಿರಿಜಾ. ಅದನ್ನ ತಾಯಿಗೆ ಹೇಳಬಾರದು ಅಂತ ಅವತ್ತೇ ಎಲ್ಲರೂ ಅಂದಿದ್ರು."

"ನಂಗೆ ಬೇಕು. ಹೇಳಿ."

ಅವರು ನನ್ನ ಕಡೆ ನೋಡದೆ, ಕಿಟಕಿಯ ಸರಳು ಹಿಡಿದುಕೊಂಡು ಹೇಳಿದರು. ಗೂಡಿನ ನೆಲ ಒದ್ದೆಯಾಗಿತ್ತಂತೆ. ತಮ್ಮ ಕೋಟು ಬಿಚ್ಚಿ, ಮಡಿಸಿ, ಕೆಳಗೆ ಹಾಸಿದರಂತೆ. ಕಾಲು ಮಡಿಸಿ ಕೂರಿಸಿದರೆ ಕೂತಳಂತೆ, ಆದರೆ ಕತ್ತು ನಿಲ್ಲಲಿಲ್ಲ. ಎತ್ತಿ ಹಿಡಿದರೆ ಈ ಕಡೆ, ಬಿಟ್ಟರೆ ಆ ಕಡೆ. ಮೇಲಿನಿಂದ ಎಲ್ಲರೂ 'ಸಾಕು, ಮೇಲೆ ಬನ್ನಿ, ಮಳೆ ಬರುತ್ತೆ' ಎನ್ನುತ್ತಿದ್ದರು.

"ಶಾಲೆ ಬಸ್ಸಲ್ಲಿ ನಿದ್ದೆ ಮಾಡ್ಕೊಂಡು ಬರೋಳಲ್ಲ, ಹಾಗೇ ವಾಲ್ತಿದ್ಲು ಕಣೆ. ಕೊನೆಗೆ ನನ್ನ ಬನಿಯನ್ ಬಿಚ್ಚಿ ಸುರುಳಿ ಸುತ್ತಿ ಹೆಗಲಿಗೂ ಕೆನ್ನೆಗೂ ನಡುವೆ ಇಟ್ಟೆ. ಆಗ ನಿಂತ್ಲು. ಲಿಂಗ ಕೈಯಲ್ಲಿ ಇಟ್ಟು ಬೆರಳು ಮುಚ್ಚಿದೆ. ಮಣ್ಣು ಮೇಲಿನಿಂದ ಹಾಕ್ಬೇಡಿ ಅಂದೆ. ಎದೆವರೆಗೂ ನಾನೇ ಕೈಯಲ್ಲಿ ತುಂಬಿದೆ, ಮುಖಕ್ಕೆ ಸಿಡೀಬಾರದು ಅಂತ. ಆಮೇಲೆ ನನ್ನ ಕೈಯಲ್ಲಿ ಆಗಲಿಲ್ಲ. ಮೇಲಿದ್ದೋರು ನನ್ನ ಎಳ್ಕೊಂಡ್ರು."

ಇವರಿಗೆ ಸುಲಭ ಎಂದುಕೊಂಡಿದ್ದೆನಲ್ಲ. ಆ ಊರಿನಲ್ಲಿ ಮಳೆ ಬಂದಾಗಲೆಲ್ಲ ಅವರು ಆ ಗುಂಡಿಯೊಳಗೇ ಇರುತ್ತಿದ್ದರು. ಅದಕ್ಕೇ ಹೋಗಬೇಕೆಂದಿದ್ದರು. ಹಾಗಿದ್ದೂ ನಾನು ಕೇಳಿದೆನೆಂದು ತಮ್ಮ ಕೈಯಿಂದಲೇ ಮುಚ್ಚಿದ್ದನ್ನು ತೆರೆಸಲು ಅನುಮತಿ ತಂದಿದ್ದರು.

"ನಾಳೆ ಬೇಡ," ಎಂದೆ. "ಅವಳು ಸರಿಯಾಗಿ ಕೂತಿದಾಳೆ. ಎಬ್ಬಿಸೋದು ಬೇಡ."

ಷಡಕ್ಷರಿ ಸರಳು ಬಿಡಲಿಲ್ಲ. ಅವರ ಬೆನ್ನು ಅಲುಗುತ್ತಿತ್ತು. ನಾನು ಹೋಗಿ ಆ ಬೆನ್ನಿಗೆ ಹಣೆ ಒತ್ತಿ ನಿಂತೆ. ಅತ್ತೆಯ ಮಾತು, ದಾರಿ, ಶಿವ, ಎಲ್ಲ ಒಂದು ಕಡೆ ಇರಲಿ ಎನ್ನಿಸಿತು. ಮೂರು ವರ್ಷದ ಅಳು ಬಂತು. ಅದು ನನ್ನ ದನಿ ಎಂದು ನನಗೇ ಗುರುತು ಸಿಗಲಿಲ್ಲ. ಐರಿನ್ ಬಾಯಿ ಬಾಗಿಲು ಬಡಿದು ಒಳಗೆ ಬಂದರು, ನಮ್ಮಿಬ್ಬರನ್ನೂ ನೋಡಿದರು, ಏನೂ ಕೇಳದೆ ಉಕ್ಕುತ್ತಿದ್ದ ಹಾಲಿನ ಒಲೆ ಆರಿಸಿ ಹೋದರು.

ಅಂಗಿ ಆ ತಿಂಗಳೇ ಪೆರುವಿಗೆ ಹೋಯಿತು. ಹುಡುಗಿಯನ್ನು ಬೆಟ್ಟಕ್ಕೆ ಹಿಂತಿರುಗಿಸಿ ಎಂದು ಎಲೆನಾ ತನ್ನ ಸಂಗ್ರಹಾಲಯದವರಿಗೆ ಎಷ್ಟೋ ಸಲ ಬರೆದಳಂತೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದೆರಡು ವರ್ಷ ಹೊಸ ವರ್ಷದ ಶುಭಾಶಯ ಬರುತ್ತಿತ್ತು. ಆಮೇಲೆ ಅವಳ ಗಂಡನಿಗೆ ಬೇರೆ ದೇಶಕ್ಕೆ ವರ್ಗವಾಯಿತು, ವಿಳಾಸ ತಪ್ಪಿಹೋಯಿತು.

ನಾವು ಸೆಪ್ಟೆಂಬರಿನಲ್ಲಿ ಹೊರಟೆವು. ಮೋಡ ಹರಿದು ಬಿಸಿಲು ಬಂದಿತ್ತು. ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವ ಕಿಟಕಿಯ ಹಿಂದೆ ಒಬ್ಬ ಹೆಂಗಸು ಕೂತಿದ್ದಳು, ನನ್ನದೇ ವಯಸ್ಸಿನವಳು. ಆಗೆಲ್ಲ ಮಕ್ಕಳ ಹೆಸರನ್ನು ತಾಯಿಯ ಪಾಸ್‌ಪೋರ್ಟಿನಲ್ಲೇ ಬರೆಯುತ್ತಿದ್ದರು. ನೀಲುವಿನ ಹೆಸರು ತೆಗೆಸಬೇಕೆಂದು ನಮಗೆ ತೋಚಿರಲಿಲ್ಲ, ಅಥವಾ ಮನಸ್ಸು ಬಂದಿರಲಿಲ್ಲ. ಅವಳು ಪುಟ ತಿರುವಿ, ತಲೆಯೆತ್ತಿ, ನಮ್ಮಿಬ್ಬರ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿದಳು.

"ಮಗು ಎಲ್ಲಿ, ಮಮಾ?" ಎಂದು ಸ್ವಾಹಿಲಿಯಲ್ಲಿ ಕೇಳಿದಳು.

"ಅನಕಾ ಹಪಾ," ಎಂದೆ. ಇಲ್ಲಿ ಇರುತ್ತಾಳೆ ಎಂದೂ ಆಗುತ್ತದೆ ಅದು, ಇಲ್ಲಿ ಕೂತಿದ್ದಾಳೆ ಎಂದೂ ಆಗುತ್ತದೆ. ನನಗೆ ಬೇರೆ ಮಾತು ಹೊಳೆಯಲಿಲ್ಲ.

ಅವಳ ಮುಖ ಅರಳಿತು. "ಓದೋಕೆ ಬಿಟ್ಟಿದ್ದೀರಾ? ಒಳ್ಳೇದು. ಈಗ ವಯಸ್ಸೆಷ್ಟು?"

ಪಕ್ಕದಲ್ಲಿ ಷಡಕ್ಷರಿ ಇದ್ದರು. ಅವರು ಏನಾದರೂ ಹೇಳುತ್ತಾರೆ ಎಂದು ಕಾದೆ.

"ಒಂಬತ್ತು," ಎಂದೆ.

"ಹಾಗಾದರೆ ದೊಡ್ಡವಳೇ ಆದಳು. ಹೆದರಬೇಡಿ, ನಾವೆಲ್ಲ ಇದ್ದೀವಿ ನೋಡಿಕೊಳ್ಳೋಕೆ," ಎಂದು ಅವಳು ಮುದ್ರೆ ಒತ್ತಿ, ಪಾಸ್‌ಪೋರ್ಟನ್ನು ಎರಡೂ ಕೈಯಿಂದ ನನ್ನ ಕಡೆ ಸರಿಸಿದಳು.

"ಅಸಾಂಟೆ," ಎಂದು ಧನ್ಯವಾದ ಹೇಳಿದರು ಷಡಕ್ಷರಿ.